ಸೈಕಲ್ ಬಿಡುವವರೇ, ಬಸ್ಸಿನ ಎಡಕ್ಕೆ ನುಗ್ಗಬೇಡಿ

ಮಂಗಳೂರಲ್ಲಿ ಸೈಕಲ್ ಬಿಡುವವರು ಮೊದಲು ಸಿಟಿ ಬಸ್ಸಿನ ಬುದ್ಧಿ ತಿಳ್ಕೊಳ್ಳಬೇಕು ಮಾರಾಯ್ರೇ. ಟೈಮಿನ ಗಡಿಬಿಡಿಯಲ್ಲಿ ನಿಮ್ಮನ್ನು ಹಿಂದೆ ಹಾಕುತ್ತದೆ, ಮರುಕ್ಷಣವೇ ಸ್ಟಾಪಿಗೆ ಅಂತ ಎಡಕ್ಕೆ ಎಳೆಯುತ್ತದೆ. ಹಾಗಾಗಿ ಬಸ್ ದಾಟಿದ ಕೂಡಲೇ ಪೆಡಲ್ ನಿಲ್ಲಿಸಿ, ಬೆರಳು ಬ್ರೇಕಿನ ಮೇಲಿರಲಿ. ನಿಂತ ಬಸ್ಸಿನ ಎಡಕ್ಕಂತೂ ನುಗ್ಗಲೇಬೇಡಿ. ಜನ ಇಳಿಯುವುದು ಅಲ್ಲೇ ಅಲ್ವಾ? ಡ್ರೈವರಿಗೆ ನೀವು ಕಾಣುವುದೂ ಕಷ್ಟ. ಕಂಡಕ್ಟರ್ "ರೈಟ್" ಅನ್ನುವವರೆಗೆ ಸುಮ್ನೆ ಹಿಂದೆ ನಿಲ್ಲಿ.

ಹಾಗಂತ ರಸ್ತೆಯ ತೀರಾ ಅಂಚಿಗೂ ಹೋಗಬಾರದು. ಕಾಂಕ್ರೀಟ್ ಮುಗಿದಲ್ಲಿ ಕೆಲವೆಡೆ ದಿಢೀರ್ ಇಳಿತ ಇರುತ್ತದೆ. ಚಕ್ರ ಕೆಳಗಿಳಿದರೆ ಓಡುತ್ತಲೇ ಮೇಲೆ ಹತ್ತಿಸಲು ನೋಡಬೇಡಿ, ನಿಲ್ಲಿಸಿ ಎತ್ತಿಡಿ. ಅಂಚಿನಿಂದ ಎರಡು ಮೂರು ಅಡಿ ಬಿಟ್ಟು, ಹಾವಾಡದೆ ನೇರ ಹೋಗಿ. ನಿಂತ ಕಾರುಗಳಿಂದಲೂ ಸುಮಾರು 1 ಮೀಟರ್ ದೂರ ಇರಿ. ಬಾಗಿಲು ಯಾವಾಗ ತೆರೆಯುತ್ತದೋ ಯಾರಿಗೆ ಗೊತ್ತು!

ನಂತೂರು, ಪಂಪ್‌ವೆಲ್‌ನಂಥ ದೊಡ್ಡ ಜಂಕ್ಷನ್‌ಗಳಲ್ಲಿ ಹೆದರಿಕೆ ಆದರೆ ಇಳಿದು ತಳ್ಳಿಕೊಂಡು ದಾಟಿ, ಅದರಲ್ಲಿ ನಾಚಿಕೆ ಏನಿಲ್ಲ.

ಮಳೆಗಾಲದಲ್ಲಿ ರಿಮ್ ಬ್ರೇಕ್, ಅಂದರೆ ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವ ಬ್ರೇಕ್, ತಡವಾಗಿ ಹಿಡಿಯುತ್ತದೆ. ಇಳಿಜಾರಿಗೆ ಮೊದಲೇ ಮೆಲ್ಲ ಒತ್ತಿದರೆ ರಿಮ್ಮಿನ ನೀರು ಒರೆಸಿ ಹೋಗುತ್ತದೆ. ರೈನ್‌ಕೋಟ್ ಹಳದಿಯದ್ದೇ ತಗೊಳ್ಳಿ, ಕಪ್ಪು ಬೇಡ.