ವೈಲ್ಡ್ ವೆಸ್ಟ್ ಆಟದ ಪಾತ್ರಕ್ಕೆ ಹಿನ್ನೆಲೆ ಕೊಡುವಾಗ

ವೈಲ್ಡ್ ವೆಸ್ಟ್ ಕಥೆಯಾಟ ಬರೆಯುತ್ತಿರುವವರಿಗೆ ಒಂದು ಉಪಾಯ: ಪಾತ್ರದ ಹಿನ್ನೆಲೆ ಯಾವ ಅಂಕವನ್ನು (ಒಂದೊಂದು ಗುಣಕ್ಕೆ ನೂರಕ್ಕೆ ಇಷ್ಟು ಎಂದು ಕೊಡುವ ಸಂಖ್ಯೆ) ಏರಿಸುತ್ತದೋ, ಅದೇ ಕಾರಣಕ್ಕೆ ಇನ್ನೊಂದು ಅಂಕ ಇಳಿಯಲಿ. ಕಥೆ 1870ರ ಟೆಕ್ಸಾಸ್‌ನದಾದರೆ, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಪರ (ಟೆಕ್ಸಾಸ್ ಇದ್ದದ್ದು ದಕ್ಷಿಣದ ಕಡೆ) ಕಾದಾಡಿದ ಮಾಜಿ ಸೈನಿಕನಿಗೆ ಗುಂಡಿನ ಗುರಿ 65, ಊರವರ ವಿಶ್ವಾಸ 35. ಪಳಗಿದ ಕೈ, ಊರವರ ಸಿಟ್ಟು ಎರಡೂ ಒಂದೇ ಯುದ್ಧದಿಂದ ಬಂದಿದ್ದರಿಂದ ಆಡುವವರು ಲಾಭನಷ್ಟ ಲೆಕ್ಕ ಹಾಕದೆ ಮನುಷ್ಯನನ್ನೇ ಆರಿಸಿಕೊಳ್ಳುತ್ತಾರೆ. ಕಾನ್ಸಾಸ್‌ನ ಅಬಿಲೀನ್‌ವರೆಗೆ ದನ ಹೊಡೆದುಕೊಂಡು ಹೋಗಿಬಂದವನಿಗೆ ಸವಾರಿ ಜೋರು, ಮಾತುಗಾರಿಕೆ ಕಮ್ಮಿ; ತಿಂಗಳುಗಟ್ಟಲೆ ದನಗಳ ಜೊತೆಗಿದ್ದವನು ತಾನೇ! (ಇಸವಿ ಮೊದಲೇ ಗಟ್ಟಿ ಮಾಡಿಕೊಳ್ಳಿ. ಕುದುರೆ ಸವಾರರ ಅಂಚೆ ಸೇವೆಯಾದ ಪೋನಿ ಎಕ್ಸ್‌ಪ್ರೆಸ್ 1861ರಲ್ಲೇ ನಿಂತುಹೋಗಿತ್ತು, ಹಾಗಾಗಿ ಈ ಕಥೆಯಲ್ಲಿ ಅದರ ಸವಾರ ಮಾಜಿಯೇ.) ಇಂಥ ಕಥೆಯಾಟ ಬರೆಯುವ ಸರಳ ಪ್ರೋಗ್ರಾಮಿಂಗ್ ಭಾಷೆ ಚಾಯ್ಸ್‌ಸ್ಕ್ರಿಪ್ಟ್‌ನಲ್ಲಿ ಬರೆಯುತ್ತಿದ್ದರೆ ಆರಂಭದಲ್ಲೇ 80 ಕೊಡಬೇಡಿ. ಅದರ ಶೇಕಡಾವಾರು ಲೆಕ್ಕದಲ್ಲಿ ಏರಿಕೆ ಸಿಗುವುದು 100ಕ್ಕೆ ಬಾಕಿ ಇರುವುದರ ಮೇಲೆ; ಶೇಕಡಾ 20ರ ಏರಿಕೆ 50ನ್ನು 60 ಮಾಡುತ್ತದೆ, 80ನ್ನು ಬರೀ 84. ಇನ್ನು, ಇಳಿಸಿದ ಅಂಕವನ್ನು ಕಥೆ ಎಲ್ಲೂ ಪರೀಕ್ಷೆಗೆ ಒಡ್ಡದಿದ್ದರೆ ಈ ಉಪಾಯ ಠುಸ್. ಒಂದೆರಡು ದೃಶ್ಯದ ಕಿರು ಆಟಕ್ಕಂತೂ ಅಂಕಗಳ ಗೋಜೇ ಬೇಡ.