ಪೈನ್‌ಫೋನ್‌ಗೆ ಸಿಗ್ನಲ್ ಹತ್ತಿಸಿದ ಕತೆ

ಲಿನಕ್ಸ್ ಓಡಿಸುವ ಪೈನ್‌ಫೋನ್ ಒಂದು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೈಗೆ ಬಂತು. ಮೊಬಿಯನ್, ಅಂದರೆ ಡೆಬಿಯನ್ ಲಿನಕ್ಸ್‌ನ ಫೋನ್ ರೂಪ, ಹಾಕಿದೆ. ವೈಫೈ ಬಂತು, ಬ್ರೌಸರ್ ಓಡಿತು. ಸಿಗ್ನಲ್ ಕಡ್ಡಿ ಇರಬೇಕಾದ ಜಾಗ ಮಾತ್ರ ಖಾಲಿ. ಎರಡು ಸಂಜೆ ಮೋಡೆಮ್‌ಮ್ಯಾನೇಜರ್ (ಮೊಬೈಲ್ ನೆಟ್‌ವರ್ಕ್ ಹಿಡಿಯುವ ಮೋಡೆಮ್ ಚಿಪ್ಪನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿ ಒದ್ದಾಡಿದೆ. ಮೂರನೇ ದಿನ ಬುದ್ಧಿ ಬಂದು, ಯುಎಸ್‌ಬಿಗೆ ಸೇರಿದ್ದನ್ನೆಲ್ಲ ಪಟ್ಟಿಮಾಡುವ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟು ನೋಡಿದೆ.

ಇದರ ಮೋಡೆಮ್, ಅಂದರೆ ಕ್ವೆಕ್‌ಟೆಲ್ ಇಜಿ25-ಜಿ, ತಾನೇ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೂ ಲಿನಕ್ಸೇ ಇದೆ. ಫೋನಿನ ಪ್ರೊಸೆಸರ್‌ಗೆ ಯುಎಸ್‌ಬಿಯಲ್ಲಿ, ಹಳೇ ಡಾಂಗಲ್ ತರಹ, ಸೇರಿಕೊಂಡಿರುತ್ತದೆ. ನನ್ನ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಕಣ್ಣಿಗೇ ಬೀಳದ್ದನ್ನು ಸಾಫ್ಟ್‌ವೇರ್ ಹೇಗೆ ಎಬ್ಬಿಸೀತು?

ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಆರು ಸ್ವಿಚ್ಚುಗಳ ಸಾಲು, ಅಕ್ಕಿಕಾಳಿಗಿಂತ ಸಣ್ಣವು. ಮೊದಲನೆಯದು ಮೋಡೆಮ್‌ದು. ಅದು ಆಫ್! ಬ್ಯಾಟರಿ ತೆಗೆಯುವಾಗ ನನ್ನ ಉಗುರೇ ತಾಗಿರಬೇಕು. ಹಲ್ಲುಕಡ್ಡಿಯಿಂದ ತಳ್ಳಿ ಬೂಟ್ ಮಾಡಿದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಮೋಡೆಮ್ ಪಟ್ಟಿಯಲ್ಲಿ ಕಾಣಿಸಿತು.

ಆಮೇಲೆ ಎಂಎಂಸಿಎಲ್‌ಐ, ಅಂದರೆ ಮೋಡೆಮ್‌ಮ್ಯಾನೇಜರ್‌ನ ಆದೇಶ, ಕೊಟ್ಟು ಕೇಳಿದರೆ 'ಸಿಮ್ ಮಿಸ್ಸಿಂಗ್'. ಇದಕ್ಕೆ ಬೇಕಾದದ್ದು ಮೈಕ್ರೋ ಸಿಮ್. ನನ್ನದು ನ್ಯಾನೋ, ಅಡಾಪ್ಟರ್‌ನಲ್ಲಿ ಕೂತಿದ್ದು ಸ್ವಲ್ಪ ಜಾರಿತ್ತು. ಅಡಾಪ್ಟರ್ ಇಲ್ಲದೆ ಬರೀ ನ್ಯಾನೋ ತುರುಕಬೇಡಿ, ಒಳಗಿನ ಪಿನ್ನು ಬಾಗಿಹೋಗುತ್ತದೆ. ಸೆಲ್ಲೋಟೇಪ್ ಚೂರು ಅಂಟಿಸಿ ಸರಿಮಾಡಿದೆ. ಎಪಿಎನ್ (ಸಿಮ್ ಕಂಪನಿಯ ಇಂಟರ್ನೆಟ್ ದಾರಿಯ ಹೆಸರು) ಹಾಕಿದ ಮೇಲೆ ಡೇಟಾ ಸುಲಭವಾಗಿಯೇ ಬಂತು.

ಕರೆ ಮಾತ್ರ ಹೋಗಲೊಲ್ಲದು. ನನ್ನದು 4ಜಿ ಮಾತ್ರ ಇರುವ ಸಿಮ್. ಹಿಂದೆ ಬೀಳಲು 2ಜಿ, 3ಜಿ ಇಲ್ಲ, ಮಾತು ಹೋಗಬೇಕಾದರೆ ವೋಲ್ಟಿಯಲ್ಲೇ, ಅಂದರೆ 4ಜಿ ಮೇಲೇ. ಮೋಡೆಮ್ ಜೊತೆ ನೇರವಾಗಿ ಮಾತಾಡಲು ಮಿನಿಕಾಮ್ ಎಂಬ ಟರ್ಮಿನಲ್‌ನಲ್ಲಿ ಅದು ಆದೇಶ ಕೇಳುವ ಪೋರ್ಟ್, ಟಿಟಿವೈಯುಎಸ್‌ಬಿ2, ತೆರೆದೆ. 'ಎಟಿ' ಅಂದರೆ 'ಓಕೆ' ಅನ್ನುತ್ತದೆ, ಹಳೇ ಡಯಲಪ್ ದಿನಗಳ ಭಾಷೆಯೇ, ಮಜಾ ಅಲ್ವಾ? ಸಿಗ್ನಲ್ ಬಲ ಕೇಳುವ 'ಎಟಿ+ಸಿಎಸ್‌ಕ್ಯು' ಕೊಟ್ಟೆ: 18. 31 ಅಂದರೆ ಪೂರ್ತಿ ಸಿಗ್ನಲ್, 99 ಅಂದರೆ ಏನೂ ತಿಳಿಯುತ್ತಿಲ್ಲ ಅಂತ. ಹಾಗಾಗಿ ಸಿಗ್ನಲ್ ತಪ್ಪಲ್ಲ. 'ಎಟಿ+ಕ್ಯುಎಂಬಿಎನ್‌ಸಿಎಫ್‌ಜಿ' ಕೊಟ್ಟು ಪ್ರೊಫೈಲ್‌ಗಳ (ಒಂದೊಂದು ಮೊಬೈಲ್ ಕಂಪನಿಗೆ ಹೊಂದುವ ಸೆಟ್ಟಿಂಗ್ ಕಟ್ಟುಗಳ) ಪಟ್ಟಿ ಕೇಳಿದಾಗ, ಮೋಡೆಮ್ ಬೇರೆ ಯಾವುದೋ ದೇಶದ್ದನ್ನು ತಾನೇ ಆರಿಸಿಕೊಂಡು ಕೂತಿತ್ತು. ಆಟೋ ಆಯ್ಕೆ ನಿಲ್ಲಿಸಿದೆ, ಎಲ್ಲ ಕಡೆಗೂ ಸಾಮಾನ್ಯವಾದ 'ರೋ ಜೆನೆರಿಕ್ 3ಜಿಪಿಪಿ' ಆರಿಸಿದೆ, ವೋಲ್ಟಿಗೆ ಬೇಕಾದ ಐಎಂಎಸ್ ಆನ್ ಮಾಡಿ ಮೋಡೆಮ್ ರೀಸ್ಟಾರ್ಟ್ ಮಾಡಿದೆ. ಅಮ್ಮನಿಗೆ ಹಚ್ಚಿದೆ, ರಿಂಗ್ ಆಯಿತು. "ಯಾರು?" ಅಂದಳು. ನಾನು ಒಂದು ಕ್ಷಣ ಸುಮ್ನೆ ಕೂತೆ.

ಒಂದು ತೊಂದರೆ ಹಾಗೇ ಉಳಿದಿದೆ. ಫೋನ್ ನಿದ್ದೆಗೆ ಹೋದಾಗ ಕರೆ ಬಂದರೆ ಮೋಡೆಮ್ ಅದನ್ನು ಎಬ್ಬಿಸಬೇಕು. ಎಬ್ಬಿಸುತ್ತದೆ, ಆದರೆ ಫೋನ್ ಆಕಳಿಸುತ್ತಾ ಏಳುತ್ತದೆ. ಅಮ್ಮನಿಗೆ ಹೇಳಿಟ್ಟಿದ್ದೇನೆ, ಐದಾರು ರಿಂಗ್ ಆಗೋವರೆಗೆ ಇಡಬೇಡ ಅಂತ.