ಮುಂಬೈಲಿ ಸಪೋರ್ಟ್ ಗ್ರೂಪ್ ಹುಡುಕೋರಿಗೆ

ಬೈಪೋಲಾರೋ (ಮನಸ್ಸು ಒಮ್ಮೆ ವಿಪರೀತ ಉಬ್ಬಿ, ಒಮ್ಮೆ ಪೂರ್ತಿ ಕುಗ್ಗೋ ಕಾಯಿಲೆ) ಡಿಪ್ರೆಶನ್ನೋ ಇದ್ದು ಮಾತ್ರೆ ತಗೊಳ್ತಾ ಮುಂಬೈಲಿ ಇರೋ ನಮ್ಮವರು ಮೊದಲು ಕೇಳೋದೇ ಕನ್ನಡದವರ ಗ್ರೂಪ್ ಇದ್ಯಾ ಅಂತ. ನಾನಂತೂ ಬೇಡ ಅಂತೀನಿ, ಯಾಕಂದ್ರೆ ಮಾಟುಂಗದಲ್ಲಿ ಬಾಯಿಬಿಟ್ಟಿದ್ದು ಡೊಂಬಿವ್ಲಿಗೆ ಫಾಸ್ಟ್ ಲೋಕಲ್‌ಗಿಂತ ಮುಂಚೆ ಮುಟ್ಟುತ್ತೆ, ಅಲ್ಲಿಂದ ಊರಿಗೆ, ಆಮೇಲೆ ತಂಗಿಗೆ ಗಂಡು ನೋಡುವಾಗ ಅದೇ ಸುದ್ದಿ. ಹಿಂದಿ ಅಥವಾ ಮರಾಠಿ ಗ್ರೂಪಿಗೇ ಹೋಗಿ. ಅಲ್ಲಿ ನೀವು ಯಾರ ಮಗ, ಯಾವ ಊರು ಅಂತ ಯಾರಿಗೂ ಬೇಕಿಲ್ಲ, ನಿದ್ದೆ ಬಂತಾ ಅಂತ ಕೇಳ್ತಾರೆ ಅಷ್ಟೆ.

ಹುಡುಕೋಕೆ ನಿಮ್ಮ ಸೈಕಿಯಾಟ್ರಿಸ್ಟ್ ಹತ್ರಾನೇ ಕೇಳಿ, ಇಲ್ಲಾಂದ್ರೆ ದೊಡ್ಡ ಆಸ್ಪತ್ರೆ ಒಪಿಡಿಲಿ ಸೋಶಿಯಲ್ ವರ್ಕರ್ ಹತ್ರ. ಗ್ರೂಪ್ ಥೆರಪಿ ಅಂದ್ರೆ ಥೆರಪಿಸ್ಟ್ ನಡೆಸೋದು, ಸಪೋರ್ಟ್ ಗ್ರೂಪಲ್ಲಿ ಸಾಮಾನ್ಯವಾಗಿ ಕಾಯಿಲೆ ಅನುಭವಿಸಿದವರೇ ಕೂತು ಮಾತಾಡೋದು, ಯಾವುದು ಬೇಕು ಅಂತ ಬಿಡಿಸಿ ಹೇಳಿ. ಪುಣೆಲಿರೋರಿಗೆ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇದೆ, ಅಲ್ಲಿ ಮನೆಯವರಿಗೂ ಜಾಗ ಉಂಟು.

ಮೊದಲ ದಿನ ಏನೂ ಹೇಳ್ಬೇಕಾಗಿಲ್ಲ. ಹೆಸರು ಹೇಳಿ, ಇವತ್ತು ಕೇಳ್ತೀನಿ ಅಂದ್ರೆ ಸಾಕು. ಹಿಂದಿ ತಡವರಿಸಿದ್ರೆ ತಡವರಿಸಲಿ, ನೆಟ್ಟಗೆ ಬರೋ ಭಾಷೇಲಿ ನಾವು ಸುಳ್ಳೂ ನೆಟ್ಟಗೇ ಹೇಳ್ತೀವಲ್ಲ! ಐದು ನಿಮಿಷ ಮುಂಚೆ ಹೋಗಿ ಕುರ್ಚಿ ಹಾಕಿ, ಚಹಾ ಕೊಡಿ, ಕೈಗೆ ಕೆಲಸ ಇದ್ರೆ ಮುಖ ಎಲ್ಲಿಡೋದು ಅನ್ನೋ ಚಿಂತೆ ಇರಲ್ಲ, ಮುಂದಿನ ಸಲ ನಿಮ್ಮನ್ನ ಹುಡುಕೋಕೂ ಒಬ್ರು ಇರ್ತಾರೆ. ಒಂದೇ ಸಲಕ್ಕೆ ಇದು ನನಗಲ್ಲ ಅಂತ ಬಿಡಬೇಡಿ, ನಾಲ್ಕೈದು ಸಲ ನೋಡಿ.

ಕುಡಿತಾನೂ ಇದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್ ಇದೆ, ಫೀಸಿಲ್ಲ, ಕುಡಿತ ಬಿಡೋ ಆಸೆ ಒಂದೇ ಷರತ್ತು. ಆದ್ರೆ ಅಲ್ಲಿ ಯಾರಾದ್ರೂ ಹಳಬರು, ಬೈಪೋಲಾರಿಗೆ ಕೊಡೋ ಲಿಥಿಯಮ್ ಮಾತ್ರೇನೂ ನಶೆನೇ, ಬಿಟ್ಬಿಡು ಅಂದ್ರೆ ದಯವಿಟ್ಟು ಕೇಳಬೇಡಿ. ಮೆಂಬರುಗಳು ಡಾಕ್ಟರಾಗಬಾರದು ಅಂತ ಆ ಸಂಸ್ಥೆಯೇ ಹೇಳುತ್ತೆ. ಮಾತ್ರೆ ವಿಷಯ ಏನಿದ್ರೂ ನಿಮ್ಮ ಡಾಕ್ಟರ್ ಹತ್ರ.

ಸಾಯೋ ಯೋಚನೆ ಬಂದ್ರೆ ಮುಂದಿನ ಮೀಟಿಂಗ್ ತನಕ ಕಾಯೋದು ಬೇಡ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆ ಇರುತ್ತೆ, ಫ್ರೀ, ಕನ್ನಡದಲ್ಲೂ ಮಾತಾಡಬಹುದು. ತೀರಾ ತಡೀಲಾರೆ ಅನ್ನಿಸಿದ್ರೆ ಸೀದಾ ಆಸ್ಪತ್ರೆ ಕ್ಯಾಶುಯಲ್ಟಿಗೆ ಹೋಗಿ.

ಹಾಗಂತ ಕನ್ನಡದವರ ಸಹವಾಸಾನೇ ಬಿಡಿ ಅಂತಲ್ಲ, ಮಾಟುಂಗದ ಕನ್ನಡ ಸಂಘ ಮೈಸೂರ್ ಅಸೋಸಿಯೇಷನ್‌ನಲ್ಲಿ ನಾಟಕ ಇದ್ರೆ ಹೋಗಿ ನಕ್ಕು ಬನ್ನಿ, ನೀವು ಯಾವ ಮಾತ್ರೆ ತಗೊಳ್ತೀರಿ ಅಂತ ಪಕ್ಕದ ಸೀಟಿನವರಿಗೆ ಯಾಕೆ.